ಸೌತ್ ಡೌನ್ಸ್ ವೇ: ಸೈಕಲ್‌ನವರ ಜೊತೆ ದಾರಿ ಹಂಚಿಕೊಳ್ಳುವುದು ಹೇಗೆ

ಇಂಗ್ಲೆಂಡಿನ ದಕ್ಷಿಣದಲ್ಲಿ ವಿಂಚೆಸ್ಟರ್ ಊರಿನಿಂದ ಈಸ್ಟ್‌ಬೋರ್ನ್ ಕಡಲತೀರದವರೆಗೆ ಒಂದು ದಾರಿ ಇದೆ. ಹೆಸರು ಸೌತ್ ಡೌನ್ಸ್ ವೇ. ಉದ್ದ 160 ಕಿಲೋಮೀಟರ್. ಸೀಮೆಸುಣ್ಣದ ಗುಡ್ಡಗಳ ನೆತ್ತಿ ಹಿಡಿದೇ ಹೆಚ್ಚು ದೂರ ಸಾಗುತ್ತದೆ. ಒಂದು ಕಡೆ ಸಸೆಕ್ಸ್‌ನ ಹೊಲಗದ್ದೆ, ಇನ್ನೊಂದು ಕಡೆ ದೂರದಲ್ಲಿ ಸಮುದ್ರ. ಲಂಡನ್, ರೆಡಿಂಗ್, ಸ್ಲೌ ಕಡೆಯ ಕನ್ನಡದ ಕುಟುಂಬಗಳು ಬೇಸಿಗೆಯಲ್ಲಿ ಇಲ್ಲಿಗೆ ನಡೆಯೋಕೆ ಬರುತ್ತವೆ. ನಾನು ಈ ದಾರಿಯ ಹತ್ತಿರದ ಲೂಯಿಸ್ ಊರಿನಲ್ಲಿ ಇರುವುದರಿಂದ ಫೋನ್ ನನಗೇ ಬರುತ್ತದೆ. ಎಷ್ಟು ದೂರ, ಟಾಯ್ಲೆಟ್ ಎಲ್ಲಿದೆ, ಮಳೆ ಬಂದರೆ ಏನು ಮಾಡೋದು, ಎಲ್ಲ ಕೇಳುತ್ತಾರೆ. ಸೈಕಲ್ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಆಮೇಲೆ ಡಿಚ್ಲಿಂಗ್ ಬೀಕನ್ ಗುಡ್ಡದ ಮೇಲೆ ಬೆನ್ನ ಹಿಂದಿನಿಂದ ಮೌಂಟನ್ ಬೈಕ್ ಒಂದು ಸರ್ರಂತ ಹೋದಾಗ, "ಇಲ್ಲಿ ಸೈಕಲ್ ಬಿಡ್ತಾರಾ?" ಅಂತ ಸಿಟ್ಟಿನಲ್ಲಿ ಕೇಳುತ್ತಾರೆ.

ಬಿಡುತ್ತಾರೆ. ಅದು ಅವರ ಹಕ್ಕು. 1968ರ ಕಂಟ್ರಿಸೈಡ್ ಕಾಯ್ದೆ ಸೈಕಲ್‌ನವರಿಗೆ ಬ್ರೈಡಲ್‌ವೇಗಳಲ್ಲಿ, ಅಂದರೆ ಕುದುರೆ ಸವಾರರಿಗೂ ತೆರೆದಿರುವ ದಾರಿಗಳಲ್ಲಿ, ಓಡಾಡಲು ಅವಕಾಶ ಕೊಟ್ಟಿತು. 1972ರಲ್ಲಿ ಶುರುವಾದ ಸೌತ್ ಡೌನ್ಸ್ ವೇಯನ್ನು ಮೊದಲಿನಿಂದಲೂ ನಡೆಯುವವರು, ಕುದುರೆಯವರು, ಸೈಕಲ್‌ನವರು ಮೂವರೂ ಬಳಸುತ್ತಾ ಬಂದಿದ್ದಾರೆ. ಆದರೆ ಅದೇ ಕಾಯ್ದೆಯಲ್ಲಿ ಇನ್ನೊಂದು ಮಾತೂ ಇದೆ. ಸೈಕಲ್‌ನವರು ನಡೆಯುವವರಿಗೂ ಕುದುರೆ ಸವಾರರಿಗೂ ದಾರಿ ಬಿಡಬೇಕು. ಎರಡೂ ಮಾತನ್ನು ಒಟ್ಟಿಗೆ ನೆನಪಿಟ್ಟುಕೊಳ್ಳಿ. ಅವರು ಬರಬಹುದು. ಬಂದರೆ ನಿಮಗಾಗಿ ನಿಧಾನ ಮಾಡಬೇಕು, ಬೇಕಾದರೆ ನಿಲ್ಲಬೇಕು.

ಯಾವ ದಾರಿ ಯಾರಿಗೆ ಅಂತ ತಿಳಿಯೋಕೆ ಕಂಬದ ಮೇಲಿನ ಬಾಣ ನೋಡಿ. ಹಳದಿ ಬಾಣ ನಡೆಯುವವರಿಗೆ ಮಾತ್ರ. ನೀಲಿ ಬಾಣ ಇದ್ದರೆ ಸೈಕಲ್ಲೂ ಕುದುರೆಯೂ ಬರುತ್ತವೆ. ಕೆಂಪು ಬಾಣ ಇರುವ ಕಡೆ ಮೋಟಾರ್ ವಾಹನವೂ ಬರಬಹುದು. ಎಲ್ಲದರ ಪಕ್ಕದಲ್ಲಿ ಓಕ್ ಮರದ ಕಾಯಿಯ ಚಿತ್ರ ಇದ್ದರೆ ನೀವು ರಾಷ್ಟ್ರೀಯ ಟ್ರೇಲ್ ಮೇಲಿದ್ದೀರಿ ಅಂತ ಅರ್ಥ. ಹಳದಿ ಬಾಣದ ದಾರಿಯಲ್ಲಿ ಸೈಕಲ್ ಬಂದರೆ ಆಗ ಹೇಳುವ ಹಕ್ಕು ನಿಮಗಿದೆ. ನೀಲಿ ಬಾಣದ ದಾರಿಯಲ್ಲಿ "ಇಲ್ಲಿ ಯಾಕೆ ಬಂದ್ರಿ" ಅಂತ ಜಗಳಕ್ಕೆ ನಿಲ್ಲಬೇಡಿ.

ನನ್ನ ಗಂಡ ಇದೇ ಗುಡ್ಡಗಳಲ್ಲಿ ಸೈಕಲ್ ಹೊಡೆಯುತ್ತಾನೆ, ನಾನು ನಡೆಯುತ್ತೇನೆ. ಮನೆಯಲ್ಲಿ ಈ ವಿಷಯ ಬಂದಾಗಲೆಲ್ಲ ಇಬ್ಬರೂ ಒಪ್ಪುವುದು ಒಂದೇ ಮಾತು. ಜಗಳಕ್ಕೆ ಕಾರಣ ಸ್ಪೀಡ್ ಒಂದೇ ಅಲ್ಲ, ಅದಕ್ಕಿಂತ ಜಾಸ್ತಿ ದಿಗಿಲು. ಎದುರಿನಿಂದ ಜೋರಾಗಿ ಬರುವ ಸೈಕಲ್ ದೂರದಿಂದಲೇ ಕಂಡರೆ ಯಾರಿಗೂ ಭಯ ಆಗುವುದಿಲ್ಲ. ನಿಧಾನಕ್ಕೆ ಬಂದ ಸೈಕಲ್ಲೂ ಭುಜದ ಹತ್ತಿರ ಬಂದ ಮೇಲೇ ಗೊತ್ತಾದರೆ ಎದೆ ಝಲ್ ಅನ್ನುತ್ತದೆ. ಇಬ್ಬರಿಗೂ ಒಬ್ಬರಿಗೊಬ್ಬರು ಬರುತ್ತಿರುವುದು ಮುಂಚೆಯೇ ಗೊತ್ತಾಗಬೇಕು. ಕೆಳಗೆ ಹೇಳಿರುವುದೆಲ್ಲ ಅದಕ್ಕಾಗಿಯೇ.

ಯಾವ ದಿಕ್ಕಿಗೆ ನಡೆಯಬೇಕು

ಇದನ್ನು ಯೋಚಿಸುವವರು ಕಡಿಮೆ, ಆದರೆ ಅರ್ಧ ಸಮಸ್ಯೆ ಇಲ್ಲೇ ಮುಗಿಯುತ್ತದೆ. ಇಲ್ಲಿ ಗಾಳಿ ಹೆಚ್ಚಾಗಿ ನೈರುತ್ಯದಿಂದ ಬೀಸುತ್ತದೆ. ಹಾಗಾಗಿ ಪೂರ್ತಿ ದಾರಿ ಮಾಡುವ ಸೈಕಲ್‌ನವರಲ್ಲಿ ಹೆಚ್ಚಿನವರು ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ವಿಂಚೆಸ್ಟರ್‌ನಿಂದ ಈಸ್ಟ್‌ಬೋರ್ನ್ ಕಡೆಗೆ, ಅಂದರೆ ಪಶ್ಚಿಮದಿಂದ ಪೂರ್ವಕ್ಕೆ ಬರುತ್ತಾರೆ. ನೀವೂ ಅದೇ ದಿಕ್ಕಿಗೆ ನಡೆದರೆ ಎಲ್ಲರೂ ಬೆನ್ನ ಹಿಂದಿನಿಂದಲೇ ಬರುತ್ತಾರೆ. ಉಲ್ಟಾ ನಡೆದರೆ ಎದುರಿಗೆ ಕಾಣುತ್ತಾರೆ. ಗಾಳಿ ಮುಖಕ್ಕೆ ಹೊಡೆಯುತ್ತದೆ, ನಿಜ. ಮಾರ್ಚ್ ತಿಂಗಳಲ್ಲಿ ಅದು ಸುಮ್ನೆ ಮಾತಲ್ಲ, ಕಿವಿ ನೋಯುತ್ತದೆ. ಆದರೂ ವಯಸ್ಸಾದವರು, ಚಿಕ್ಕ ಮಕ್ಕಳು ಜೊತೆಗಿದ್ದರೆ ನಾನು ಪೂರ್ವದಿಂದ ಪಶ್ಚಿಮಕ್ಕೇ ಕರೆದುಕೊಂಡು ಹೋಗುತ್ತೇನೆ. ಊರಿಂದ ಅಮ್ಮ ಬಂದಾಗ ಬೇರೆ ದಿಕ್ಕಿನ ಮಾತೇ ಇಲ್ಲ. ಅಮ್ಮನಿಗೆ ಬಲಗಿವಿ ಸರಿಯಾಗಿ ಕೇಳುವುದಿಲ್ಲ, ಹಿಂದಿನ ಬೆಲ್ ಅವರ ಪಾಲಿಗೆ ಇಲ್ಲವೇ ಇಲ್ಲ.

ಇನ್ನೊಂದು ವಿಷಯ ದಿನದ್ದು. ನಡೆಯುವವರು ಪೂರ್ತಿ ದಾರಿಗೆ ಸಾಮಾನ್ಯವಾಗಿ ಎಂಟೊಂಬತ್ತು ದಿನ ತೆಗೆದುಕೊಳ್ಳುತ್ತಾರೆ, ಸೈಕಲ್‌ನವರು ಎರಡು-ಮೂರು ದಿನ. ಆದರೆ ಒಂದೇ ದಿನದಲ್ಲಿ ಮುಗಿಸುವ ಹಟದವರೂ ಇದ್ದಾರೆ. ಅವರು ಜೂನ್-ಜುಲೈ ತಿಂಗಳ ದೊಡ್ಡ ಹಗಲು ನೋಡಿಕೊಂಡು ಹೊರಡುತ್ತಾರೆ. ಬೆಳಗಿನ ಜಾವ ವಿಂಚೆಸ್ಟರ್ ಬಿಟ್ಟವರು ಸಂಜೆ ಹೊತ್ತಿಗೆ ಈಸ್ಟ್‌ಬೋರ್ನ್ ಕಡೆಯ ಆಲ್ಫ್ರಿಸ್ಟನ್ ಹಳ್ಳಿ ಹತ್ತಿರ ಇರುತ್ತಾರೆ. ಕೈ ಬ್ರೇಕ್ ಹಿಡಿದು ಹಿಡಿದು ಸೋತಿರುತ್ತದೆ, ಕಣ್ಣು ಗಡಿಯಾರದ ಮೇಲಿರುತ್ತದೆ. ಬೇಸಿಗೆಯ ಶನಿವಾರ ಸಂಜೆ ಆ ಕಡೆಯ ಇಳಿಜಾರುಗಳಲ್ಲಿ ಮಕ್ಕಳನ್ನು ಮುಂದೆ ಬಿಟ್ಟು ನಡೆಯಬೇಡಿ. ದತ್ತಿ ಸಂಸ್ಥೆಗಳು ನಡೆಸುವ ದೊಡ್ಡ ಸೈಕಲ್ ಸವಾರಿಗಳೂ ವಾರಾಂತ್ಯದಲ್ಲೇ ಇರುತ್ತವೆ. ವಾರದ ಮಧ್ಯೆ ರಜೆ ಸಿಕ್ಕರೆ ಅದಕ್ಕಿಂತ ಒಳ್ಳೆಯದು ಇಲ್ಲ.

ಬೆಲ್ ಕೇಳಿದಾಗ

ನಮ್ಮೂರಲ್ಲಿ ಹಾರ್ನ್ ಅಂದರೆ "ಜಾಗ ಬಿಡು, ಬಂದೆ" ಅಂತ. ಆ ಅಭ್ಯಾಸದಲ್ಲಿ ನಮ್ಮವರು ಬೆಲ್ ಕೇಳಿದ ಕೂಡಲೇ ಎತ್ತಲಾದರೂ ಹಾರುತ್ತಾರೆ. ಗಂಡ ಎಡಕ್ಕೆ, ಹೆಂಡತಿ ಬಲಕ್ಕೆ, ಮಗು ಮೊದಲು ಅಪ್ಪನ ಕಡೆಗೆ ಓಡಿ ಆಮೇಲೆ ಅಮ್ಮನ ಕಡೆಗೆ ವಾಪಸ್. ಸೈಕಲ್‌ನವನಿಗೆ ಈಗ ಹೋಗೋಕೆ ದಾರಿಯೇ ಇಲ್ಲ. ಇಲ್ಲಿ ಬೆಲ್ ಹೊಡೆಯುವುದು "ನಾನು ಹಿಂದೆ ಇದ್ದೇನೆ, ಗೊತ್ತಿರಲಿ" ಅಂತ ಹೇಳೋಕೆ. ಬ್ರಿಟನ್‌ನ ರಸ್ತೆ ನಿಯಮಗಳ ಪುಸ್ತಕ ಹೈವೇ ಕೋಡ್‌ನಲ್ಲೂ ಹೀಗೇ ಇದೆ: ನಡೆಯುವವರ ಹತ್ತಿರದಿಂದ, ಜೋರಾಗಿ ಹೋಗಬಾರದು, ಅದರಲ್ಲೂ ಹಿಂದಿನಿಂದ. ಬೆಲ್ ಹೊಡೆದು ಅಥವಾ ಮರ್ಯಾದೆಯಿಂದ ಕೂಗಿ ತಿಳಿಸಬೇಕು. ಕಿವಿ ಕೇಳದವರು, ಕಣ್ಣು ಕಾಣದವರು ಇರಬಹುದು ಅಂತ ನೆನಪಿಡಬೇಕು.

ಆದ್ದರಿಂದ ಬೆಲ್ ಕೇಳಿದರೆ ಮೊದಲು ನಿಲ್ಲಿ. ಹಾರಬೇಡಿ. ತಿರುಗಿ ನೋಡಿ, ಕೈ ಎತ್ತಿ, ಕಂಡೆ ಅಂತ ತೋರಿಸಿ. ಆಮೇಲೆ ಎಲ್ಲರೂ ಒಂದೇ ಬದಿಗೆ ಸರಿಯಿರಿ. ಯಾವ ಬದಿ ಅನ್ನುವುದು ಮುಖ್ಯ ಅಲ್ಲ, ಎಲ್ಲರೂ ಒಂದೇ ಬದಿ ಅನ್ನುವುದು ಮುಖ್ಯ. ಗುಂಪಿನಲ್ಲಿ ಹೆಚ್ಚು ಜನ ಆಗಲೇ ಯಾವ ಕಡೆ ಇದ್ದಾರೋ ಆ ಕಡೆಗೆ. ನಾಯಿ ಇದ್ದರೆ ಅದೂ ಅದೇ ಕಡೆಗೆ. ಉದ್ದಕ್ಕೆ ಎಳೆಯುವ ತೆಳು ಹಗ್ಗದ ಪಟ್ಟಿ ದಾರಿಗೆ ಅಡ್ಡ ಬಿದ್ದರೆ ಸೈಕಲ್‌ನವನಿಗೆ ಅದು ಕಾಣುವುದೇ ಇಲ್ಲ. ಅದಕ್ಕೆ ಹಗ್ಗವನ್ನು ಗಿಡ್ಡ ಮಾಡಿ ಹಿಡಿಯಿರಿ.

ಗುಂಪು ದೊಡ್ಡದಿದ್ದರೆ ಕೊನೆಯಲ್ಲಿ ನಡೆಯುವವರು ಕಿವಿಯ ಕೆಲಸ ಮಾಡಬೇಕು. ನಮ್ಮ ಗುಂಪಿನಲ್ಲಿ ಹೊರಡುವ ಮೊದಲೇ ಅದು ಯಾರು ಅಂತ ಹೇಳಿರುತ್ತೇವೆ. ಅವರು ಇಯರ್‌ಫೋನ್ ಹಾಕುವ ಹಾಗಿಲ್ಲ, ಮಾತಿನಲ್ಲಿ ಪೂರ್ತಿ ಮುಳುಗುವ ಹಾಗಿಲ್ಲ. "ಸೈಕಲ್!" ಅಂತ ಒಂದು ಕೂಗು, ಜೊತೆಗೆ ಎಷ್ಟು ಜನ ಅಂತ. ಈ ಸಂಖ್ಯೆ ಬಹಳ ಮುಖ್ಯ. ಮೊದಲನೆಯವನು ಹೋದ ತಕ್ಷಣ ದಾರಿಗೆ ಇಳಿದು ಎರಡನೆಯವನ ಚಕ್ರಕ್ಕೆ ಸಿಗುವುದೇ ಹೆಚ್ಚು. ಸೈಕಲ್‌ನವರು ಹೇಳದಿದ್ದರೆ ನೀವೇ ಕೇಳಿ, "ಎನಿ ಮೋರ್?" ಅಂತ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಬೆಲ್ ಇಲ್ಲದ ಸೈಕಲ್‌ಗಳೂ ಬೇಕಾದಷ್ಟಿವೆ. ಬ್ರಿಟನ್‌ನಲ್ಲಿ ಹೊಸ ಸೈಕಲ್ ಮಾರುವಾಗ ಬೆಲ್ ಇರಲೇಬೇಕು, ಆದರೆ ಕೊಂಡವರು ಆಮೇಲೆ ಬಿಚ್ಚಿಟ್ಟರೆ ಕೇಳುವವರಿಲ್ಲ. ಆಗ ನಿಮಗೆ ಸಿಗುವ ಸುಳಿವು ಹಿಂದಿನ ಚಕ್ರದ ಟಿಕಟಿಕ ಸದ್ದು, ಇಲ್ಲ ಚಕಮಕಿ ಕಲ್ಲು ಟೈರಿನಡಿ ಸಿಡಿಯುವ ಸದ್ದು. ಗಾಳಿ ಜೋರಾಗಿದ್ದರೆ ಅದೂ ಕೇಳುವುದಿಲ್ಲ. ಗಾಳಿ ಇರುವ ದಿನ ಪ್ರತಿ ಗೇಟಿನ ಹತ್ತಿರ, ಪ್ರತಿ ತಿರುವಿನಲ್ಲಿ ಒಂದು ಸಲ ಹಿಂದೆ ನೋಡುವ ರೂಢಿ ಮಾಡಿಕೊಳ್ಳಿ.

ಏರಿನಲ್ಲಿ ಸೈಕಲ್ ನಿಧಾನ ಅನ್ನುವ ಲೆಕ್ಕವೂ ಈಗ ತಪ್ಪುತ್ತಿದೆ. ಇ-ಬೈಕ್ ಬಂದಿವೆ. 250 ವ್ಯಾಟ್ ಮೋಟಾರ್, ಗಂಟೆಗೆ 25 ಕಿಲೋಮೀಟರ್ ದಾಟಿದರೆ ಮೋಟಾರ್ ಸಹಾಯ ನಿಲ್ಲಬೇಕು ಅನ್ನುವ ಮಿತಿಯೊಳಗಿದ್ದರೆ ಕಾನೂನು ಅವನ್ನು ಸೈಕಲ್ ಅಂತಲೇ ನೋಡುತ್ತದೆ, ಬ್ರೈಡಲ್‌ವೇಗೆ ಬರಬಹುದು. ಫರ್ಲ್ ಬೀಕನ್ ಏರಿನಲ್ಲಿ ನೀವು ಏದುಸಿರು ಬಿಡುತ್ತಿರುವಾಗ ಪಕ್ಕದಿಂದ ಅರವತ್ತೈದರ ಅಜ್ಜಿಯೊಬ್ಬರು ನಗುತ್ತಾ ಹತ್ತಿ ಹೋಗುತ್ತಾರೆ. ನನಗೆ ಅದು ಖುಷಿಯ ವಿಷಯ. ಮಂಡಿ ನೋವು ಇದ್ದವರಿಗೂ ಗುಡ್ಡದ ನೆತ್ತಿ ಸಿಗಬೇಕು ಅಲ್ವಾ?

ಕೊರಕಲು ದಾರಿಯಲ್ಲಿ

ಗುಡ್ಡದ ನೆತ್ತಿಯಲ್ಲಿ ಜಾಗ ಬೇಕಾದಷ್ಟಿದೆ. ಡೆವಿಲ್ಸ್ ಡೈಕ್ ಕಡೆ ಹುಲ್ಲಿನ ಮೇಲೆ ಎಲ್ಲಿ ಬೇಕಾದರೂ ಸರಿಯಬಹುದು. ಬಟ್ಸರ್ ಹಿಲ್‌ನಿಂದ ಕ್ವೀನ್ ಎಲಿಜಬೆತ್ ಕಂಟ್ರಿ ಪಾರ್ಕ್ ಕಡೆಗೆ ಇಳಿಯುವ ಹುಲ್ಲಿನ ಇಳಿಜಾರಿನಲ್ಲಿ ಸೈಕಲ್‌ಗಳು ಹಾರಿದ ಹಾಗೆ ಬರುತ್ತವೆ, ಆದರೆ ಅಲ್ಲಿ ಅಗಲ ಇದೆ, ದೂರದಿಂದ ಕಾಣುತ್ತವೆ. ತೊಂದರೆ ಇರುವುದು ಗುಡ್ಡದಿಂದ ನದಿ ಕಣಿವೆಗೆ ಇಳಿಯುವ ಕಡೆ. ಈ ದಾರಿ ಆರುನ್, ಅಡುರ್, ಊಜ್, ಕಕ್ಮಿಯರ್ ನದಿಗಳನ್ನು ದಾಟುತ್ತದೆ. ಪ್ರತಿ ಸಲವೂ ನೆತ್ತಿಯಿಂದ ಕೆಳಗಿಳಿದು ಮತ್ತೆ ಹತ್ತಬೇಕು.

ಆಲ್ಫ್ರಿಸ್ಟನ್‌ಗೆ ಇಳಿಯುವ ಜಾಗ ತೆಗೆದುಕೊಳ್ಳಿ. ಮೇಲೆ ಬೋಸ್ಟಲ್ ಹಿಲ್‌ನ ಬಯಲು. ಕೆಳಗೆ ಬರುತ್ತಾ ದಾರಿ ಕಿರಿದಾಗುತ್ತದೆ, ಎರಡೂ ಬದಿಗೆ ಬೇಲಿ ಗಿಡ, ನಡುವೆ ಮಳೆನೀರು ಕೊರೆದ ಬಿಳಿ ಕೊರಕಲು. ಕೊರಕಲಿನ ತಳದಲ್ಲಿ ಸಡಿಲ ಚಕಮಕಿ ಕಲ್ಲು. ಸೈಕಲ್‌ನವನ ಮುಂದಿನ ಚಕ್ರ ಒಮ್ಮೆ ಆ ಕೊರಕಲಿಗೆ ಇಳಿದರೆ ಪಕ್ಕಕ್ಕೆ ತಿರುಗಿಸೋಕೆ ಆಗುವುದಿಲ್ಲ. ತಿರುಗಿಸಿದರೆ ಬೀಳುತ್ತಾನೆ. ಬ್ರೇಕ್ ಗಟ್ಟಿಯಾಗಿ ಹಿಡಿದರೆ ಕಲ್ಲಿನ ಮೇಲೆ ಜಾರುತ್ತಾನೆ. ಮಳೆ ಬಂದ ಮೇಲಂತೂ ಸೀಮೆಸುಣ್ಣ ಸೋಪಿನ ನೀರು ಚೆಲ್ಲಿದ ಬಚ್ಚಲುಕಲ್ಲಿನ ಹಾಗೆ ಜಾರುತ್ತದೆ. ಅಂದರೆ ನಿಲ್ಲಬೇಕು ಅಂತ ಮನಸ್ಸಿದ್ದರೂ ಕೂಡಲೇ ನಿಲ್ಲೋಕೆ ಆಗದ ಜಾಗ ಇದು. ಇಂಥ ಕಡೆ ತಳದಲ್ಲಿ ನಡೆಯಬೇಡಿ. ಓರೆಯ ಮೇಲಿನ ಹುಲ್ಲಿನ ಅಂಚಿನಲ್ಲಿ ನಡೆಯಿರಿ. ಫೋಟೋ ತೆಗೆಯೋಕೆ, ಶೂ ಲೇಸ್ ಕಟ್ಟೋಕೆ ತಿರುವಿನಲ್ಲಿ ನಿಲ್ಲಬೇಡಿ, ತಿರುವು ದಾಟಿ ನಿಲ್ಲಿ. ಮೇಲಿನವರಿಗೆ ನೀವು ಕಾಣಬೇಕು. ಕಪ್ಪು ಜಾಕೆಟ್ ಬದಲು ಕೆಂಪೋ ಹಳದಿಯೋ ಹಾಕಿದರೆ ಇನ್ನೂ ಒಳ್ಳೆಯದು.

ಸೈಕಲ್‌ನವರಿಗೂ ಇಲ್ಲಿ ನನ್ನದೊಂದು ಮಾತಿದೆ. ಮುಂದೆ ಕಾಣುವಷ್ಟು ದೂರದೊಳಗೆ ನಿಲ್ಲಿಸೋಕೆ ಆಗುವಷ್ಟೇ ವೇಗ ಇರಲಿ. ತಿರುವಿನಾಚೆ ಮಗು ಇದೆ ಅಂತಲೇ ಅಂದುಕೊಂಡು ಇಳಿಯಿರಿ. ಬ್ರೇಕ್ ಲಾಕ್ ಮಾಡಿ ಜಾರಿಸಬೇಡಿ. ಹಾಗೆ ಜಾರಿಸಿದ ಗೆರೆಯಲ್ಲೇ ಮುಂದಿನ ಮಳೆನೀರು ಹರಿಯುತ್ತದೆ, ಕೊರಕಲು ಇನ್ನಷ್ಟು ಆಳವಾಗುತ್ತದೆ, ಮುಂದಿನ ವರ್ಷ ನಡೆಯುವವರಿಗೂ ದಾರಿ ಇಲ್ಲ, ನಿಮಗೂ ಇಲ್ಲ. ಬೆಲ್ಲನ್ನು ಎರಡು ಬಸ್ಸಿನ ಉದ್ದ ದೂರ ಇರುವಾಗಲೇ ಹೊಡೆಯಿರಿ. ಬೆನ್ನ ಹತ್ತಿರ ಬಂದು ಹೊಡೆದರೆ ಅದು ತಿಳಿಸಿದಂತಲ್ಲ, ಹೆದರಿಸಿದಂತೆ. ದಾಟುವಾಗ ನಡಿಗೆಯ ವೇಗಕ್ಕೆ ಬನ್ನಿ. "ನನ್ನ ಹಿಂದೆ ಇನ್ನಿಬ್ಬರು ಇದ್ದಾರೆ" ಅಂತ ಹೇಳಿ. ಬೇಕಾದರೆ ಇಳಿದು ತಳ್ಳಿ. ಎರಡು ನಿಮಿಷದಲ್ಲಿ ಏನೂ ಹೋಗುವುದಿಲ್ಲ. ಎಷ್ಟು ಬೇಗ ಮುಗಿಸಿದೆ ಅಂತ ಆಪ್‌ನಲ್ಲಿ ಟೈಮ್ ಹಾಕಬೇಕು ಅಂತಿದ್ದರೆ ಬೆಳಗ್ಗೆ ಆರಕ್ಕೆ ಬನ್ನಿ, ಭಾನುವಾರ ಹನ್ನೊಂದಕ್ಕೆ ಬ್ರೈಟನ್‌ನಿಂದ 77ನೇ ಬಸ್ಸು ಡೆವಿಲ್ಸ್ ಡೈಕ್‌ನಲ್ಲಿ ಮಕ್ಕಳನ್ನು ಇಳಿಸುವ ಹೊತ್ತಿಗೆ ಬೇಡ.

ಒಂದು ಸಲ ಡಿಚ್ಲಿಂಗ್ ಬೀಕನ್ ಹತ್ತಿರ ಸೈಕಲ್‌ನವನೊಬ್ಬ ನಮ್ಮ ಅಮ್ಮನ ತೋಳಿಗೆ ತಾಗಿಸಿಕೊಂಡೇ ಹೋದ. ನಿಲ್ಲಲಿಲ್ಲ, ತಿರುಗಿಯೂ ನೋಡಲಿಲ್ಲ. ಅಮ್ಮ ಆ ಇಡೀ ಬೇಸಿಗೆ ಗುಡ್ಡಕ್ಕೆ ಬರೋಲ್ಲ ಅಂದರು. ಒಬ್ಬನ ಒಂದು ಕ್ಷಣದ ಅವಸರದಿಂದ ಇನ್ನೊಬ್ಬರು ದಾರಿಯನ್ನೇ ಬಿಡುತ್ತಾರೆ. ಅದಕ್ಕೇ ಇದನ್ನು ಇಷ್ಟು ಬಿಡಿಸಿ ಹೇಳುತ್ತಿರುವುದು.

ಈಗ ನಡೆಯುವವರ ಕಡೆಯಿಂದಲೂ ಒಂದು ದೊಡ್ಡ ಮನಸ್ಸು ಬೇಕು. ಕಡಿದಾದ ಏರಿನಲ್ಲಿ ಸೈಕಲ್ ತುಳಿಯುತ್ತಾ ಬರುವವರಿಗೆ ನೀವೇ ದಾರಿ ಬಿಡಿ. ಕಾನೂನಿನಲ್ಲಿ ಹಕ್ಕು ನಮ್ಮದೇ, ಆದರೂ ಬಿಡಿ. ಸಡಿಲ ಕಲ್ಲಿನ ಏರಿನಲ್ಲಿ ಒಮ್ಮೆ ನಿಂತರೆ ಮತ್ತೆ ತುಳಿದು ಹೊರಡುವುದು ಬಹಳ ಕಷ್ಟ. ನಾವು ಪಕ್ಕಕ್ಕೆ ಸರಿದು "ಗೋ ಆನ್!" ಅಂದರೆ ಅವರ ಮುಖ ಅರಳುವುದನ್ನು ನೋಡಬೇಕು. ಅದೇ ಮನುಷ್ಯ ಮುಂದಿನ ಇಳಿಜಾರಿನಲ್ಲಿ ಇನ್ನೊಬ್ಬರಿಗೆ ಬ್ರೇಕ್ ಹಿಡಿಯುತ್ತಾನೆ ಅಂತ ನಾನು ನಂಬಿದ್ದೇನೆ.

ಕುದುರೆ ಬಂದರೆ

ಕುದುರೆಗೆ ಇಬ್ಬರೂ ದಾರಿ ಬಿಡಬೇಕು. ಹಿಂದಿನಿಂದ ಸದ್ದಿಲ್ಲದೆ ಬರುವುದು ಕುದುರೆಗೆ ಬೇಟೆಯಾಡುವ ಪ್ರಾಣಿಯ ಹಾಗೆ ಅನ್ನಿಸುತ್ತದೆ, ಕುದುರೆ ಒದೆಯಬಹುದು, ಓಡಬಹುದು. ಸೈಕಲ್‌ನವರು ದೂರದಲ್ಲೇ ನಿಧಾನ ಮಾಡಿ, ಬಾಯಿಬಿಟ್ಟು ಮಾತಾಡಿ. ಬೆಲ್‌ಗಿಂತ ಮನುಷ್ಯನ ದನಿ ಒಳ್ಳೆಯದು. ಸವಾರರು "ಬನ್ನಿ" ಅನ್ನುವವರೆಗೆ ಕಾಯಿರಿ, ಬಲಗಡೆಯಿಂದ, ಸಾಕಷ್ಟು ಅಂತರ ಬಿಟ್ಟು ದಾಟಿ. ನಡೆಯುವವರು ಪೊದೆಯ ಹಿಂದೆ ನಿಲ್ಲಬೇಡಿ, ಕುದುರೆಗೆ ಕಾಣುವ ಹಾಗೆ ನಿಲ್ಲಿ. ಬ್ರಿಟಿಷ್ ಹಾರ್ಸ್ ಸೊಸೈಟಿ ಮತ್ತು ಸೈಕಲ್‌ನವರ ಸಂಸ್ಥೆ ಸೈಕ್ಲಿಂಗ್ ಯುಕೆ ಸೇರಿ "ಬಿ ನೈಸ್, ಸೇ ಹಾಯ್" ಅಂತ ಒಂದು ಪ್ರಚಾರ ಮಾಡಿದ್ದವು. ನಕ್ಕು ಹಾಯ್ ಅನ್ನುವುದು ಬರೀ ಶಿಷ್ಟಾಚಾರ ಅಲ್ಲ, ಅದು ಕುದುರೆಗೆ ಇದು ಮನುಷ್ಯ ಅಂತ ಹೇಳುವ ದಾರಿಯೂ ಹೌದು.

ಗೇಟುಗಳ ವಿಷಯ ಚಿಕ್ಕದು. ಈ ದಾರಿಯಲ್ಲಿ ಗೇಟುಗಳು ಬಹಳ, ಸುತ್ತ ಕುರಿ, ದನ ಮೇಯುತ್ತಿರುತ್ತವೆ. ಗೇಟು ಹೇಗಿತ್ತೋ ಹಾಗೇ ಬಿಡಿ. ಹಿಂದೆ ಸೈಕಲ್ ಬರುತ್ತಿದ್ದರೆ ಹಿಡಿದು ನಿಲ್ಲಿ, ಕೊನೆಯವರಿಗೆ ಮುಚ್ಚಲು ಹೇಳಿ.

ಬೇರೆ ಕಡೆ ಹೋದರೆ

ಇದೇ ನಿಯಮ ಎಲ್ಲ ಕಡೆ ಅಂದುಕೊಳ್ಳಬೇಡಿ. ಪೆನ್ನೈನ್ ವೇ ಬಹುಪಾಲು ನಡೆಯುವವರಿಗೆ ಮಾತ್ರ. ಸೈಕಲ್‌ನವರಿಗೆ, ಕುದುರೆಯವರಿಗೆ ಪೆನ್ನೈನ್ ಬ್ರೈಡಲ್‌ವೇ ಅಂತ ಬೇರೆ ದಾರಿ ಇದೆ. ಸ್ಕಾಟ್ಲೆಂಡಿನಲ್ಲಿ 2003ರ ಭೂಸುಧಾರಣಾ ಕಾಯ್ದೆಯಿಂದಾಗಿ ಜವಾಬ್ದಾರಿಯಿಂದ ನಡೆದುಕೊಂಡರೆ ಹೆಚ್ಚಿನ ಕಡೆ ಸೈಕಲ್ ಹೋಗಬಹುದು, ವೆಸ್ಟ್ ಹೈಲ್ಯಾಂಡ್ ವೇಯಲ್ಲೂ ಸಿಗುತ್ತಾರೆ. ಅಮೆರಿಕದ ಪೆಸಿಫಿಕ್ ಕ್ರೆಸ್ಟ್ ಟ್ರೇಲ್‌ನಲ್ಲಿ 1988ರಿಂದ ಸೈಕಲ್ ನಿಷೇಧ. ನನಗೆ ತುಂಬಾ ಹಿಡಿಸಿದ್ದು ನ್ಯೂಜಿಲೆಂಡಿನ ಹೀಫಿ ಟ್ರ್ಯಾಕ್‌ನ ಏರ್ಪಾಡು. ಅಲ್ಲಿ ಮೇ 1ರಿಂದ ನವೆಂಬರ್ 30ರವರೆಗೆ ಮಾತ್ರ ಸೈಕಲ್ ಬಿಡುತ್ತಾರೆ, ಜನ ಜಾಸ್ತಿ ಬರುವ ಅಲ್ಲಿನ ಬೇಸಿಗೆ, ಅಂದರೆ ಡಿಸೆಂಬರ್ ಆಮೇಲಿನ ತಿಂಗಳುಗಳು, ಪೂರ್ತಿ ನಡೆಯುವವರಿಗೆ. ದಾರಿಯನ್ನು ಸೀಳುವ ಬದಲು ತಿಂಗಳುಗಳನ್ನು ಹಂಚಿದ್ದಾರೆ. ಸೌತ್ ಡೌನ್ಸ್‌ನಲ್ಲಿ ಹಾಗೆ ಮಾಡೋಕೆ ಆಗುವುದಿಲ್ಲ, ಇಲ್ಲಿನ ಹಕ್ಕು ವರ್ಷಪೂರ್ತಿಯದು.

ಮೊದಲ ಸಲ ಬರುವವರಿಗೆ

ಸೌತೀಸ್ ರೈಲು ನಿಲ್ದಾಣದಿಂದ ಫರ್ಲ್ ಬೀಕನ್ ಮೇಲೆ ಹಾದು ಆಲ್ಫ್ರಿಸ್ಟನ್‌ವರೆಗೆ ನಡೆಯಿರಿ. ಸುಮಾರು 11-12 ಕಿಲೋಮೀಟರ್. ಇದು ಪಶ್ಚಿಮದಿಂದ ಪೂರ್ವಕ್ಕೆ, ಸೈಕಲ್‌ಗಳು ಹಿಂದಿನಿಂದ ಬರುತ್ತವೆ. ಹಾಗಾಗಿ ಕಿವಿ ಕೇಳುವ, ಕಾಲು ಗಟ್ಟಿ ಇರುವ ಗುಂಪಿಗೆ ಮಾತ್ರ. ಅಪ್ಪ ಅಮ್ಮ ಜೊತೆಗಿದ್ದರೆ ಆಲ್ಫ್ರಿಸ್ಟನ್‌ನಿಂದ ಶುರು ಮಾಡಿ ಸೌತೀಸ್‌ಗೆ ಬನ್ನಿ. ಕೊರಕಲು ಏರು ಬೆಳಗ್ಗೆಯೇ, ಇಳಿಯುವ ಸೈಕಲ್‌ಗಳು ಹೆಚ್ಚುವ ಮೊದಲೇ ಮುಗಿಯುತ್ತದೆ. ನೆತ್ತಿಯ ಮೇಲೆ ಎದುರಿನವರೆಲ್ಲ ದೂರದಿಂದ ಕಾಣುತ್ತಾರೆ.

ಸೈಕಲ್ ಸಹವಾಸವೇ ಬೇಡ ಅನ್ನುವವರಿಗೂ ಇದೇ ಟ್ರೇಲ್‌ನಲ್ಲಿ ದಾರಿ ಇದೆ. ಆಲ್ಫ್ರಿಸ್ಟನ್‌ನಲ್ಲಿ ಸೌತ್ ಡೌನ್ಸ್ ವೇ ಎರಡಾಗಿ ಒಡೆಯುತ್ತದೆ. ಸೈಕಲ್, ಕುದುರೆಯವರ ದಾರಿ ವಿಂಡೋವರ್ ಹಿಲ್ ಹತ್ತಿ ಜೆವಿಂಗ್ಟನ್ ಮೇಲೆ ಒಳನಾಡಿನಲ್ಲಿ ಹೋಗುತ್ತದೆ. ನಡೆಯುವವರ ದಾರಿ ಕಕ್ಮಿಯರ್ ನದಿ ಪಕ್ಕ ಲಿಟ್ಲಿಂಗ್ಟನ್ ದಾಟಿ ಎಕ್ಸೀಟ್‌ಗೆ ಬಂದು, ಅಲ್ಲಿಂದ ಸೆವೆನ್ ಸಿಸ್ಟರ್ಸ್ ಬಿಳಿ ಬಂಡೆಗಳ ಮೇಲೆ ಬೀಚಿ ಹೆಡ್‌ವರೆಗೆ ಸಾಗುತ್ತದೆ. ಬಂಡೆಯ ಅಂಚು ಕುಸಿಯುತ್ತಿರುತ್ತದೆ, ಫೋಟೋಗಾಗಿ ಹತ್ತಿರ ಹೋಗಬೇಡಿ. ಸುಸ್ತಾದರೆ ಬಂಡೆ ಹತ್ತುವುದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಂಡು ಎಕ್ಸೀಟ್‌ನಲ್ಲೇ ನಿಲ್ಲಿಸಿ. ಅಲ್ಲಿ 12ನೇ ನಂಬರ್ ಬಸ್ಸು ಸಿಗುತ್ತದೆ, ಒಂದು ಕಡೆ ಬ್ರೈಟನ್‌ಗೆ, ಇನ್ನೊಂದು ಕಡೆ ಈಸ್ಟ್‌ಬೋರ್ನ್‌ಗೆ.